ಬ್ಲೆಂಡೆಡ್ ಕೋರ್ಸ್: ಮೊದಲು ತರಗತಿ, ಆಮೇಲೆ ವಿಡಿಯೊ

ತರಗತಿ, ಆನ್‌ಲೈನ್ ಎರಡನ್ನೂ ಸೇರಿಸಿ ಕೋರ್ಸ್ ರೂಪಿಸಿ ಎಂದಾಕ್ಷಣ ಬಹಳಷ್ಟು ಅಧ್ಯಾಪಕರು ವಿಡಿಯೊ ಮಾಡಲು ಕೂರುತ್ತಾರೆ. ಅಲ್ಲಿಂದ ಶುರು ಮಾಡಬೇಡಿ. ಸಿಲಬಸ್ ಮುಂದಿಟ್ಟುಕೊಂಡು, ವಿದ್ಯಾರ್ಥಿಗಳು ಎದುರಿಗಿದ್ದಾಗ ಮಾತ್ರ ಆಗುವ ಕೆಲಸ ಯಾವುದು ಅಂತ ಮೊದಲು ಗುರುತು ಹಾಕಿ. ಉಳಿದದ್ದು ಆನ್‌ಲೈನ್‌ಗೆ ಹೋಗಲಿ.

ನಾನು ಬಿ.ಎಸ್‌ಸಿ. ಮೊದಲ ವರ್ಷದವರಿಗೆ ಭೌತಶಾಸ್ತ್ರ ಹೇಳುತ್ತೇನೆ. ವಿದ್ಯುತ್ ಮಂಡಲಗಳ ಪಾಠವನ್ನೇ ನೋಡಿ. ಓಮ್‌ನ ನಿಯಮ, ಸೂತ್ರ, ಬಿಡಿಸಿದ ಒಂದೆರಡು ಲೆಕ್ಕ, ಇವನ್ನು ಮಕ್ಕಳು ಮನೆಯಲ್ಲೇ ನಿಲ್ಲಿಸಿ ನಿಲ್ಲಿಸಿ ನೋಡಿಕೊಳ್ಳಬಹುದು. ಆದರೆ ‘ಮೊದಲ ಬಲ್ಬು ಸ್ವಲ್ಪ ಕರೆಂಟ್ ತಿಂದುಬಿಡುತ್ತೆ, ಎರಡನೆಯದಕ್ಕೆ ಕಡಿಮೆ ಸಿಗುತ್ತೆ’ ಎಂಬ ನಂಬಿಕೆ ಪಿಯುಸಿ ಮುಗಿಸಿ ಬಂದವರಲ್ಲೂ ಗಟ್ಟಿಯಾಗಿ ಕೂತಿರುತ್ತದೆ. ಅದು ವಿಡಿಯೊ ನೋಡಿದರೆ ಹೋಗುವುದಿಲ್ಲ. ಅದಕ್ಕೆ ತರಗತಿಯೇ ಬೇಕು.

ಹಿಂದಿನ ಸಂಜೆ ಗೂಗಲ್ ಫಾರ್ಮ್‌ನಲ್ಲಿ ಒಂದೇ ಪ್ರಶ್ನೆ ಕಳಿಸುತ್ತೇನೆ: ಒಂದೇ ಬಗೆಯ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ, ಏಕೆ? ಉತ್ತರ ಬರೆದ ಮೇಲೆ ಕೊಲೊರಾಡೊ ವಿಶ್ವವಿದ್ಯಾಲಯದ ‘ಫೆಟ್’ ಸಿಮ್ಯುಲೇಷನ್‌ನಲ್ಲಿ ಅದೇ ಮಂಡಲ ಕಟ್ಟಿ ನೋಡಬೇಕು. ಅದು ಉಚಿತ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ, ಹಳ್ಳಿಗಳಿಂದ ಬರುವ ಮಕ್ಕಳಿಗೆ ಇದು ದೊಡ್ಡ ಅನುಕೂಲ.

ಬೆಳಿಗ್ಗೆ ಆ ಉತ್ತರಗಳಿಂದಲೇ ಪಾಠ ಶುರು. ಹೆಸರು ಹೇಳದೆ ಎರಡು ವಿರುದ್ಧ ಉತ್ತರಗಳನ್ನು ಬೋರ್ಡಿನ ಮೇಲೆ ಬರೆದು, ಅಕ್ಕಪಕ್ಕದವರು ವಾದ ಮಾಡಲಿ ಅಂತ ಬಿಡುತ್ತೇನೆ. ಆಮೇಲೆ ಟಾರ್ಚ್ ಬಲ್ಬು, ಸೆಲ್ಲು, ತಂತಿ. ಬಲ್ಬಿನ ಆಚೆ ಒಮ್ಮೆ, ಈಚೆ ಒಮ್ಮೆ ಕರೆಂಟ್ ಅಳೆಯುವ ಅಮ್ಮೀಟರ್ ಹಾಕಿ ನೋಡಿದಾಗ ಎರಡೂ ಕಡೆ ಒಂದೇ ಅಂಕಿ! ‘ಮೇಡಂ, ಮೀಟರ್ ಸರಿ ಇದೆಯಾ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನನ್ನ ಮಟ್ಟಿಗೆ ಇಡೀ ಘಟಕದಲ್ಲಿ ಇದಕ್ಕಿಂತ ಬೆಲೆಬಾಳುವ ಗಳಿಗೆ ಇಲ್ಲ. ಮೀಟರನ್ನು ಹೇಗೆ ಪರೀಕ್ಷಿಸುವುದು ಅಂತ ಅವರನ್ನೇ ಕೇಳಿ.

ಮನೆಯಲ್ಲಿ ಮಾಡಿದ್ದನ್ನು ತರಗತಿಯಲ್ಲಿ ಮತ್ತೆ ಮೊದಲಿಂದ ಹೇಳಬೇಡಿ. ಹೇಳಿದರೆ ನೋಡಿ ಬಂದವರಿಗೆ ಬೇಸರ, ನೋಡದವರು ಮುಂದೆಯೂ ನೋಡುವುದಿಲ್ಲ.

ವಿಡಿಯೊ ಆರು ನಿಮಿಷ ಮೀರದಿರಲಿ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸ್‌ಗಳ ವೀಕ್ಷಣೆಯನ್ನು ಪರಿಶೀಲಿಸಿದ 2014ರ ಅಧ್ಯಯನದಲ್ಲಿ, ವಿಡಿಯೊ ಎಷ್ಟೇ ಉದ್ದ ಇರಲಿ, ಜನ ಸಾಮಾನ್ಯವಾಗಿ ನೋಡುತ್ತಿದ್ದದ್ದು ಹೆಚ್ಚೆಂದರೆ ಆರು ನಿಮಿಷ. ಐಐಟಿ ಅಧ್ಯಾಪಕರ ವಿಡಿಯೊ ಪಾಠಗಳಿರುವ ಎನ್‌ಪಿಟಿಇಎಲ್‌ನಲ್ಲಿ ಒಳ್ಳೆಯ ಉಪನ್ಯಾಸವಿದ್ದರೆ ಬೇಕಾದ ಭಾಗ ಎಲ್ಲಿಂದ ಎಲ್ಲಿಯವರೆಗೆ ಅಂತ ಬರೆದು ಕೊಂಡಿ ಕಳಿಸಿ. ಜತೆಗೆ ಎರಡು ಪುಟದ ಪಿಡಿಎಫ್ ಇರಲಿ, ಡೇಟಾ ಮುಗಿದವರಿಗೆ ಅದೇ ಗತಿ.

ಆನ್‌ಲೈನ್‌ಗೆ ಎಷ್ಟು ಸೇರಿಸುತ್ತೀರೋ ಅಷ್ಟನ್ನು ಬೇರೆ ಕಡೆ ಕಳೆಯಲೇಬೇಕು. ಯುಜಿಸಿಯ 2021ರ ಕರಡು ಟಿಪ್ಪಣಿ ಒಂದು ಕೋರ್ಸಿನ ಶೇ. 40ರವರೆಗೆ ಆನ್‌ಲೈನ್ ಇರಬಹುದು ಅಂದಿತ್ತು. ಅದು ಕೋರ್ಸಿನ ಒಳಗಿನ 40, ಮೇಲೆ ಹೇರುವ 40 ಅಲ್ಲ. ಮನೆಯಲ್ಲಿ ಒಂದು ಗಂಟೆಯ ಕೆಲಸ ಕೊಟ್ಟರೆ ಹಳೆಯ ಅಸೈನ್‌ಮೆಂಟ್ ಒಂದನ್ನು ತೆಗೆದುಹಾಕಿ. ಬಸ್ಸಲ್ಲಿ ಹೋಗಿ ಬಂದು, ಮನೆಗೆಲಸವನ್ನೂ ಮಾಡುವ ಹುಡುಗಿಯ ಸಂಜೆ ಎಷ್ಟು ಉದ್ದ ಅಂತ ಒಮ್ಮೆ ಕೇಳಿ ನೋಡಿ.

ಹಿಂದಿನ ಸಂಜೆಯ ಉತ್ತರಕ್ಕೆ ಇಂಟರ್ನಲ್ ಅಂಕ ಇಡಿ, ಆದರೆ ಸರಿ-ತಪ್ಪಿಗಲ್ಲ, ಕಾರಣ ಬರೆದದ್ದಕ್ಕೆ. ಈ ಸೆಮಿಸ್ಟರ್‌ನಲ್ಲಿ ಒಂದೇ ಘಟಕವನ್ನು ಹೀಗೆ ಕಟ್ಟಿ, ಉಳಿದವು ಮುಂದಿನ ವರ್ಷಕ್ಕಿರಲಿ.