ಶ್ನೈಡರ್ ಹೌಸ್‌ನಲ್ಲಿ ಅವ್ವ ಮತ್ತು ಅಗಸಿ ನಾರು

ಕಿಚನರ್ ಊರಿನ ಶ್ನೈಡರ್ ಹೌಸ್‌ಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಇಪ್ಪತ್ತೇ ನಿಮಿಷದಲ್ಲಿ ಹೊರಗೆ ಬಂದೆ. ಹಳೆಯ ಮಂಚ, ಹಳೆಯ ಒಲೆ, ಹಳೆಯ ಪಾತ್ರೆ ನೋಡಿದೆ, ಫೋಟೊ ತೆಗೆದೆ, ಮುಗೀತು. ಎರಡನೇ ಸಲ ಅವ್ವನನ್ನು ಕರೆದುಕೊಂಡು ಹೋದೆ. ಆ ದಿನ ಊಟದ ಹೊತ್ತು ಮೀರಿದರೂ ಅವ್ವ ಕೂತಲ್ಲಿಂದ ಏಳಲಿಲ್ಲ.

ಇದು ಕೆನಡಾದ ಒಂಟಾರಿಯೊದಲ್ಲಿ 1816ರಲ್ಲಿ ಕಟ್ಟಿದ ಮರದ ಮನೆ, ಈಗ ವಸ್ತುಸಂಗ್ರಹಾಲಯ. ಊರಿನಲ್ಲಿ ಉಳಿದಿರುವ ಅತಿ ಹಳೆಯ ಮನೆ ಇದೇ. ಕಟ್ಟಿದವರು ಜೋಸೆಫ್ ಶ್ನೈಡರ್ ಮತ್ತು ಬಾರ್ಬರಾ ದಂಪತಿ. 1807ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಿಂದ ಬಂದ ಮೆನ್ನೊನೈಟರು, ಅಂದರೆ ಒಂದು ಕ್ರೈಸ್ತ ಪಂಗಡದವರು. ಆಯುಧ ಹಿಡಿಯಬಾರದು ಅನ್ನುವುದು ಈ ಜನರ ಧರ್ಮದ ದೊಡ್ಡ ಮಾತು. ಅಲ್ಲಿ ಜಮೀನು ದುಬಾರಿಯಾಗಿತ್ತು, ಇಲ್ಲಿ ದೊಡ್ಡ ಕಾಡು ಇತ್ತು. ಕಾಡು ಕಡಿದು ಹೊಲ ಮಾಡಿದರು. ಆಮೇಲೆ ಊರು ಬೆಳೆದು ಬರ್ಲಿನ್ ಅಂತ ಹೆಸರಾಯಿತು. 1916ರಲ್ಲಿ, ಮಹಾಯುದ್ಧದ ನಡುವೆ, ಆ ಹೆಸರು ಬದಲಾಗಿ ಕಿಚನರ್ ಆಯಿತು.

ಒಂದು ಮಾತು ಬಿಡಬಾರದು. ಈ ಕಾಡು ಯಾರದ್ದೂ ಅಲ್ಲದ ಕಾಡಾಗಿರಲಿಲ್ಲ. 1784ರಲ್ಲಿ ಬ್ರಿಟಿಷ್ ಗವರ್ನರ್ ಹಾಲ್ಡಿಮಂಡ್ ಹೊರಡಿಸಿದ ಘೋಷಣೆಯಲ್ಲಿ ಇಲ್ಲಿ ಹರಿಯುವ ಗ್ರ್ಯಾಂಡ್ ನದಿಯ ಎರಡೂ ದಂಡೆಯ ನೆಲವನ್ನು ಸಿಕ್ಸ್ ನೇಷನ್ಸ್ ಮೂಲನಿವಾಸಿಗಳಿಗೆ ಕೊಟ್ಟಿದ್ದರು. ಅದು ಹೇಗೆ ಕೈ ಬದಲಾಯಿತು ಅಂತ ಮನೆ ತೋರಿಸುವವರನ್ನು ಕೇಳಿ. ಕೇಳದೆ ಬಂದರೆ ಅರ್ಧ ಕಥೆ ಮಾತ್ರ ಕೇಳಿದ ಹಾಗೆ.

ಮನೆಯನ್ನು 1850ರ ದಶಕದಲ್ಲಿ ಇದ್ದಂತೆ ಇಟ್ಟಿದ್ದಾರೆ. ಆ ಕಾಲದ ಉಡುಪು ತೊಟ್ಟ ಸಿಬ್ಬಂದಿ ಆ ಕಾಲದ ಕೆಲಸಗಳನ್ನೇ ಮಾಡುತ್ತಿರುತ್ತಾರೆ. ಹಾಗಾಗಿ ಮನೆಗಿಂತ ಅಲ್ಲಿ ನಡೆಯುವ ಕೆಲಸ ನೋಡಲು ಹೋಗಬೇಕು. ಎರಡನೇ ಸಲ ಹೋಗುವ ಮುಂಚೆ ಫೋನ್ ಮಾಡಿ, ಯಾವ ದಿನ ಏನು ಕೆಲಸ ಇರುತ್ತದೆ ಅಂತ ಕೇಳಿಕೊಂಡೆ. ಅಂದು ನಾರು ಬಿಡಿಸುವ ದಿನ.

ಅಂಗಳದಲ್ಲಿ ಒಬ್ಬ ಹಿರಿಯ ಹೆಂಗಸು ಒಣಗಿದ ಕಡ್ಡಿಗಳ ಕಟ್ಟು ಹಿಡಿದು ನಿಂತಿದ್ದರು. ಕಡ್ಡಿಯ ತುದಿಯಲ್ಲಿ ಸಣ್ಣ ಕಾಯಿ. ಅವ್ವ ಒಂದು ಕಾಯಿ ಕಿವುಚಿ ಬೀಜ ಅಂಗೈಗೆ ಹಾಕಿಕೊಂಡಳು. "ನೋಡವಾ, ಇದು ನಮ್ಮ ಅಗಸಿ ಅಲ್ಲೇನು?" ಅಂದಳು.

ಹೌದು, ಅದೇ ಅಗಸಿ. ನಮ್ಮ ಗದಗದ ಕಡೆ ರೊಟ್ಟಿ ಜೊತೆ ತಿನ್ನುವ ಅಗಸಿ ಹಿಂಡಿಯ ಬೀಜ. ನಾವು ಬೀಜಕ್ಕಾಗಿ ಬೆಳೆಯುತ್ತೇವೆ, ಇವರು ಬಟ್ಟೆಗಾಗಿ ಬೆಳೆಯುತ್ತಿದ್ದರು. ಲಿನನ್ ಬಟ್ಟೆ ಬರುವುದು ಇದೇ ಗಿಡದ ಕಾಂಡದ ನಾರಿನಿಂದ. ಅಷ್ಟು ವರ್ಷ ಹಿಂಡಿ ತಿಂದ ನನಗೆ ಇದು ಅವತ್ತೇ ಗೊತ್ತಾಗಿದ್ದು.

ಕೆಲಸ ಹೀಗೆ. ಗಿಡವನ್ನು ಕೊಯ್ಯುವುದಿಲ್ಲ, ಬೇರು ಸಮೇತ ಕೀಳುತ್ತಾರೆ. ಕೊಯ್ದರೆ ನಾರಿನ ಉದ್ದ ಹಾಳು. ಬೀಜ ಉದುರಿಸಿದ ಮೇಲೆ ಕಾಂಡವನ್ನು ಹುಲ್ಲಿನ ಮೇಲೆ ವಾರಗಟ್ಟಲೆ ಹರವಿ ಇಬ್ಬನಿಯಲ್ಲಿ ಕೊಳೆಯಲು ಬಿಡುತ್ತಾರೆ. ಆಮೇಲೆ ಒಣಗಿಸಿ, ಮರದ ದವಡೆಯಂಥ ಒಂದು ಸಾಧನದ ನಡುವೆ ಇಟ್ಟು ಮೇಲಿನ ಹಲಗೆಯಿಂದ ಟಕಟಕ ಹೊಡೆಯುತ್ತಾರೆ. ಒಳಗಿನ ಕಡ್ಡಿ ಪುಡಿಯಾಗಿ ಉದುರುತ್ತದೆ, ನಾರು ಉಳಿಯುತ್ತದೆ. ಉಳಿದ ಪುಡಿಯನ್ನು ಮರದ ಕತ್ತಿಯಿಂದ ಕೆರೆದು ತೆಗೆಯಬೇಕು. ಕೊನೆಗೆ ಕಬ್ಬಿಣದ ಮೊಳೆಗಳ ಬಾಚಣಿಕೆಯಲ್ಲಿ ಎಳೆಯಬೇಕು. ಉದ್ದನೆಯ ನಾರು ಕೂದಲಿನ ಜಡೆಯಂತೆ ಕೈಗೆ ಬರುತ್ತದೆ. ಗಿಡ್ಡ ನಾರು ಮೊಳೆಗಳ ನಡುವೆ ಮುದ್ದೆಯಾಗಿ ಉಳಿಯುತ್ತದೆ, ಅದು ಹಗ್ಗಕ್ಕೆ, ಒರಟು ಬಟ್ಟೆಗೆ.

ನಾನೂ ಹೊಡೆದೆ. ಹತ್ತು ನಿಮಿಷಕ್ಕೆ ಭುಜ ಸೋತಿತು. ಒಂದು ಅಂಗಿಗೆ ಎಷ್ಟು ಹಿಡಿ ನಾರು ಬೇಕಾಗಬಹುದು ಅಂತ ಯೋಚಿಸಿ, ಆ ಮನೆಯ ಹೆಂಗಸರ ಮೇಲೆ ನಿಜವಾದ ಗೌರವ ಬಂತು.

ಅವ್ವನಿಗೆ ಮಾತ್ರ ಇದು ಹೊಸದಾಗಿರಲಿಲ್ಲ. ಚಿಕ್ಕವಳಿದ್ದಾಗ ಪುಂಡಿ ಕಟ್ಟನ್ನು ಹಳ್ಳದಲ್ಲಿ ಕೊಳೆ ಹಾಕಿ, ನಾರು ಸುಲಿದು, ಹಗ್ಗ ಹೊಸೆಯುವುದನ್ನು ನೋಡಿದ್ದಳಂತೆ. "ಗಿಡ ಬ್ಯಾರೆ, ಕೆಲಸ ಅದೇ" ಅಂದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆ ಹೆಂಗಸು ತಮ್ಮ ಸ್ಟೂಲು ಸರಿಸಿ ಅವ್ವನಿಗೆ ಜಾಗ ಮಾಡಿಕೊಟ್ಟರು.

ನೀವು ಹೋಗುವುದಾದರೆ ಬೆಳಿಗ್ಗೆಯೇ ಹೋಗಿ. ದೊಡ್ಡ ಗುಂಪು ಬೇಡ. ಎಲ್ಲಾ ಕೋಣೆ ನೋಡಲೇಬೇಕು ಅನ್ನುವ ಹಟ ಬಿಡಿ, ಒಲೆ ಉರಿಯುತ್ತಿದ್ದರೆ ಅಡುಗೆಮನೆಯಲ್ಲೇ ಅರ್ಧ ಗಂಟೆ ಸುಮ್ನೆ ನಿಲ್ಲಿ. ಮನೆಯ ಹಿರಿಯರು ಜೊತೆಗಿದ್ದರೆ ಅವರನ್ನು ಮುಂದೆ ಬಿಡಿ. ಮತ್ತೆ, ಅಲ್ಲಿಂದ ಹತ್ತಿರದ ಸೇಂಟ್ ಜೇಕಬ್ಸ್ ಹಳ್ಳಿಯ ಕಡೆ ಹೋದರೆ, ಹಳೆಯ ಪದ್ಧತಿ ಬಿಡದೆ ಕುದುರೆ ಗಾಡಿಯಲ್ಲಿ ಹೋಗುವ ಓಲ್ಡ್ ಆರ್ಡರ್ ಮೆನ್ನೊನೈಟರು ಕಾಣುತ್ತಾರೆ. ಅವರದು ವೇಷವಲ್ಲ, ಅವರ ಬದುಕು. ಅವರ ಫೋಟೊ ತೆಗೆಯಬೇಡಿ, ಅದು ಅವರಿಗೆ ಇಷ್ಟವಿಲ್ಲ.

ಹೊರಡುವ ಹೊತ್ತಿಗೆ ಅವ್ವ ಬಾಚಣಿಕೆಯಲ್ಲಿ ಉಳಿದಿದ್ದ ಗಿಡ್ಡ ನಾರನ್ನು ಚಿವುಟಿ ತೆಗೆದಳು. ಅಂಗೈ ನಡುವೆ ಇಟ್ಟು, ದೀಪದ ಬತ್ತಿ ಹೊಸೆಯುವ ಹಾಗೆ ಒಂದೇ ಸಮ ಹೊಸೆದಳು. ಬೆರಳುದ್ದದ ಬತ್ತಿ ಆಯಿತು. ಅದನ್ನು ಆ ಹೆಂಗಸಿನ ಕೈಯಲ್ಲಿಟ್ಟಳು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ತಾವೂ ಸ್ವಲ್ಪ ನಾರು ತೆಗೆದುಕೊಂಡು, ಇನ್ನೊಂದು ಸಲ ನಿಧಾನವಾಗಿ ಮಾಡಿ ತೋರಿಸಲು ಹೇಳಿ ಅಂತ ನನ್ನ ಕಡೆ ತಿರುಗಿದರು.