ಒಂದು ಟ್ಯೂನಿನ ಬೆನ್ನು ಹತ್ತಿ

ಫ್ಯಾಂಟಸಿ ಸಿನಿಮಾಗಳ ಆರ್ಕೆಸ್ಟ್ರಾ ಸಂಗೀತವನ್ನು ನಾನು ಮೊದಲು ಕೆಲಸ ಮಾಡುವಾಗ ಸುಮ್ನೆ ಹಾಕಿಕೊಳ್ಳುತ್ತಿದ್ದೆ. ಕೇಳಲು ಹಿತವಾಗಿತ್ತು. ಆದರೆ ನಿಂತ ಮೇಲೆ ಒಂದು ಸಾಲೂ ನೆನಪಿರುತ್ತಿರಲಿಲ್ಲ.

ಸರಿಯಾಗಿ ಕೇಳೋಣ ಅಂತ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರು ಚಿತ್ರಗಳನ್ನು (2001–2003) ಎತ್ತಿಕೊಂಡೆ. ಹೊವಾರ್ಡ್ ಶೋರ್ ಬರೆದ ಆ ಸಂಗೀತದಲ್ಲಿ ಮತ್ತೆ ಮತ್ತೆ ಬರುವ ಟ್ಯೂನುಗಳು 80ಕ್ಕೂ ಜಾಸ್ತಿ. ಊರಿಗೊಂದು, ಜನಾಂಗಕ್ಕೊಂದು, ಉಂಗುರಕ್ಕೇ ಬೇರೆ. ಎಲ್ಲವನ್ನೂ ಗುರುತು ಹಿಡಿಯಲು ಪಟ್ಟಿ ಮಾಡಿಕೊಂಡು ಕೂತೆ. ಎರಡೇ ದಿನಕ್ಕೆ ಸುಸ್ತಾಯಿತು, ಸಂಗೀತ ಕಿವಿಗೆ ಬೀಳುವುದೇ ನಿಂತಿತು.

ಪಟ್ಟಿ ಬಿಟ್ಟೆ. ಹಾಬಿಟ್ ಎಂಬ ಗಿಡ್ಡ ಜನರ ಊರಾದ ಶೈರ್‌ನ ಟ್ಯೂನ್ ಒಂದನ್ನೇ ಹಿಡಿದು, ಗುನುಗಲು ಬರುವ ತನಕ ಕೇಳಿದೆ. ಆಮೇಲೆ ಅದು ಎಲ್ಲೆಲ್ಲಿ ಬರುತ್ತದೆ ಅಂತ ಕಣ್ಣು ಮುಚ್ಚಿ ಕಾದೆ. ಮೊದಲ ಚಿತ್ರದಲ್ಲಿ ಅದು ಹಳ್ಳಿಯ ಪುಟ್ಟ ಸೀಟಿಯಂಥ ಟಿನ್ ವಿಸಲ್‌ನಲ್ಲಿ, ಪಿಟೀಲಿನಲ್ಲಿ ಬರುತ್ತದೆ. ಮೂರನೇ ಚಿತ್ರದಲ್ಲಿ ಬೆಟ್ಟದ ಇಳಿಜಾರಿನಲ್ಲಿ ಸೋತು ಬಿದ್ದ ಹಾಬಿಟ್ ಫ್ರೋಡೊಗೆ ಅವನ ಗೆಳೆಯ ಸ್ಯಾಮ್ ಊರನ್ನು ನೆನಪಿಸುತ್ತಾನೆ. ಅಲ್ಲಿ ಅದೇ ಟ್ಯೂನ್ ಕೊಳಲಿನಲ್ಲಿ, ತೀರಾ ನಿಧಾನವಾಗಿ ಬರುತ್ತದೆ. ಸ್ವರಗಳು ಅವೇ, ಆದರೆ ಈಗ ಊರು ಬಹಳ ದೂರ. ಆ ಕ್ಷಣ ನನಗೆ ಗಂಟಲು ಕಟ್ಟಿತು. ಮೊದಲು ಎಷ್ಟೋ ಸಲ ನೋಡಿದ ದೃಶ್ಯವೇ, ಆದರೂ.

ಕೆಟ್ಟ ಮಾಂತ್ರಿಕನ ಕೋಟೆಯಾದ ಐಸೆನ್‌ಗಾರ್ಡ್‌ನ ಸಂಗೀತಕ್ಕೆ ಬೇರೆ ದಾರಿ ಬೇಕಾಯಿತು. ಅಲ್ಲಿ ಟ್ಯೂನ್‌ಗಿಂತ ಲೋಹದ ಬಡಿತವೇ ಮುಂದು. ತೊಡೆ ತಟ್ಟುತ್ತಾ ನಾಲ್ಕರ ಲೆಕ್ಕ ಹಾಕಿದೆ. ಪ್ರತಿ ಸಲ ಒಂದು ಮಿಗುತ್ತಿತ್ತು. ಅದು ಐದರ ಲೆಕ್ಕ! ಕಾಲು ಹಾಕಿ ನಡೆಯಲು ಹೋದರೆ ತಪ್ಪುತ್ತದೆ. ಆ ಕಡೆಯವರ ಮೇಲೆ ನಮಗೆ ನೆಮ್ಮದಿ ಬಾರದಿರಲು ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಕುದುರೆ ಸವಾರರ ನಾಡಾದ ರೋಹನ್‌ನ ಜನರಿಗೆ ನಾರ್ವೆಯ ಹಾರ್ಡಾಂಗರ್ ಪಿಟೀಲು ಇದೆ. ಅದರಲ್ಲಿ ನುಡಿಸುವ ತಂತಿಗಳ ಕೆಳಗೆ ಇನ್ನೊಂದಿಷ್ಟು ತಂತಿಗಳಿರುತ್ತವೆ, ಬಿಲ್ಲು ಮುಟ್ಟದೆಯೇ ಅವು ಮಿಡಿಯುತ್ತವೆ. ಫೋನಿನ ಸ್ಪೀಕರಿನಲ್ಲಿ ಆ ಮಿಡಿತ ಕೇಳಿಸುವುದೇ ಕಷ್ಟ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ.

ಟಿವಿ ಸರಣಿಯಲ್ಲಿ ನಾನು ಕಲಿತದ್ದು ಇನ್ನೊಂದು. ‘ಗೇಮ್ ಆಫ್ ಥ್ರೋನ್ಸ್’ಗೆ ರಾಮಿನ್ ಜವಾದಿ ದಪ್ಪ ದನಿಯ ದೊಡ್ಡ ಪಿಟೀಲಿನಂಥ ಚೆಲ್ಲೋವನ್ನು ಮುಂದಿಟ್ಟು ಸಂಗೀತ ಬರೆದರು. ಆರನೇ ಸೀಸನ್ನಿನ ಕೊನೇ ಕಂತಿನಲ್ಲಿ (2016) ಮೊದಲ ಸಲ ಪಿಯಾನೊ ಕೇಳಿಸಿತು. ಒಂಟಿ ಸ್ವರಗಳು, ನಡುವೆ ಉದ್ದುದ್ದ ಮೌನ. ಪರದೆಯ ಮೇಲೆ ಇನ್ನೂ ಏನೂ ನಡೆದಿರಲಿಲ್ಲ, ನನಗಾಗಲೇ ಭಯ ಶುರುವಾಗಿತ್ತು. ಆರು ಸೀಸನ್ ಕಾಲ ಒಂದು ವಾದ್ಯವನ್ನು ಮುಟ್ಟದೆ ಇದ್ದದ್ದರ ಫಲ ಅದು, ಅಲ್ವಾ?

ಅಲ್ಲಿಂದೀಚೆಗೆ ಹೊಸ ಸರಣಿ ಶುರು ಮಾಡಿದರೆ, ಯಾವ ವಾದ್ಯ ಇನ್ನೂ ಬಂದಿಲ್ಲ ಅಂತಲೂ ಬರೆದಿಟ್ಟುಕೊಳ್ಳುತ್ತೇನೆ.