ಗರ್ಭಕಂಠದ ಕ್ಯಾನ್ಸರ್: ಆಪರೇಷನ್ನೋ, ಕರೆಂಟೋ? ನಿರ್ಧರಿಸುವುದು ಹೀಗೆ

ಕಲಬುರಗಿ ಸೀಮೆಯಲ್ಲಿ ಬಿಳಿಸೆರಗು, ಮುಟ್ಟು ನಿಂತ ಮೇಲಿನ ರಕ್ತಸ್ರಾವ ಎಂದೊಡನೆ ‘ಚೀಲ ತೆಗಸಿಬಿಡ್ರಿ’ ಎನ್ನುವವರು ಬಹಳ. ನನ್ನ ಚಿಗವ್ವನಿಗೆ ಬಯಾಪ್ಸಿಯನ್ನೇ (ತುಣುಕು ತೆಗೆದು ಕ್ಯಾನ್ಸರ್ ಇದೆಯೇ ಎಂದು ನೋಡುವ ಪರೀಕ್ಷೆ) ಮಾಡದೆ ಗರ್ಭಚೀಲ ತೆಗೆದರು. ಅದರಲ್ಲಿ ಕ್ಯಾನ್ಸರ್ ಇತ್ತೆಂದು ತಿಳಿದದ್ದು ಹೊಲಿಗೆ ಬಿಚ್ಚಿದ ಮೇಲೆ ಬಂದ ವರದಿಯಿಂದ. ಆನಂತರ ಕರೆಂಟನ್ನೂ, ಅಂದರೆ ವಿಕಿರಣವನ್ನೂ, ಪಡೆಯಬೇಕಾಯಿತು.

ಆದ್ದರಿಂದ ಮೊದಲು ಬಯಾಪ್ಸಿ. ಎರಡನೆಯದು, ಗಡ್ಡೆ ಎಷ್ಟು ದೊಡ್ಡದು, ಎಲ್ಲಿಗೆ ಹಬ್ಬಿದೆ ಎಂದು ತಿಳಿಯಲು ಕ್ಯಾನ್ಸರ್ ತಜ್ಞರ ಪರೀಕ್ಷೆ ಮತ್ತು ಎಂಆರ್‌ಐ.

ಮೂರನೆಯ ಹೆಜ್ಜೆ ಆಪರೇಷನ್ ಮತ್ತು ಕರೆಂಟಿನ ಹೋಲಿಕೆ, ಎಡವುವುದು ಇಲ್ಲಿಯೇ. ಇಟಲಿಯಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರಂಭದ ಹಂತದ ಮಹಿಳೆಯರ ಪೈಕಿ ಐದು ವರ್ಷ ಬದುಕಿದವರು ಆಪರೇಷನ್ನಿನ ಗುಂಪು, ಕರೆಂಟಿನ ಗುಂಪು ಎರಡರಲ್ಲೂ ಶೇ 83. ಹೀಗಾಗಿ ಯಾವುದರಿಂದ ಗುಣವಾಗುತ್ತದೆ ಎನ್ನುವುದಕ್ಕಿಂತ, ಯಾವ ತೊಂದರೆಯನ್ನು ಈ ಹೆಣ್ಣುಮಗಳು ತಾಳಬಲ್ಲಳು ಎಂದು ಕೇಳಬೇಕು. ಆಪರೇಷನ್ನಿನಲ್ಲಿ ಗರ್ಭಚೀಲದ ಜೊತೆಗೆ ಸುತ್ತಲಿನ ಅಂಗಾಂಶ, ಯೋನಿಯ ಮೇಲ್ಭಾಗ, ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳನ್ನೂ ತೆಗೆಯುತ್ತಾರೆ. ಮೂತ್ರ ಕಟ್ಟುವುದು, ಕಾಲು ಬಾಯುವುದು ಆಗಬಹುದು, ಆದರೆ ಚಿಕ್ಕ ವಯಸ್ಸಿನವರ ಅಂಡಾಶಯವನ್ನು ಉಳಿಸಬಹುದು. ಕರೆಂಟಿನಿಂದ ಅಂಡಾಶಯ ಕೆಲಸ ನಿಲ್ಲಿಸುತ್ತದೆ, ಯೋನಿ ಕಿರಿದಾಗಬಹುದು, ಕರುಳು ಮತ್ತು ಮೂತ್ರಕೋಶದ ತೊಂದರೆ ವರ್ಷಗಳ ನಂತರವೂ ಕಾಣಿಸಬಹುದು. ಎರಡೂ ಒಬ್ಬಳ ಮೇಲೆಯೇ ಬಿದ್ದರೆ ಬಾಧೆ ಹೆಚ್ಚು. ಅದೇ ಅಧ್ಯಯನದಲ್ಲಿ, ಗರ್ಭಕಂಠದ ಅಗಲ 4 ಸೆಂ.ಮೀ. ಒಳಗಿದ್ದು ಆಪರೇಷನ್ ಆದ 114 ಮಂದಿಯಲ್ಲಿ 62 ಮಂದಿಗೆ ಆಮೇಲೆ ಕರೆಂಟೂ ಬೇಕಾಯಿತು; ತೀವ್ರ ತೊಂದರೆ ಆಪರೇಷನ್ ಗುಂಪಿನಲ್ಲಿ ಶೇ 28, ಕರೆಂಟಿನ ಗುಂಪಿನಲ್ಲಿ ಶೇ 12.

‘ಆಪರೇಷನ್ ಆದ ಮೇಲೆ ಕರೆಂಟೂ ಬೇಕಾಗುವ ಸಂಭವ ಎಷ್ಟು, ಡಾಕ್ಟರೇ?’ ಎಂದು ಮೊದಲೇ ಕೇಳಿ. ಗಡ್ಡೆ 2 ಸೆಂ.ಮೀ. ಒಳಗಿದ್ದು ವಯಸ್ಸು ಚಿಕ್ಕದಾದರೆ ಆಪರೇಷನ್ನೇ ಲೇಸು. ಗಡ್ಡೆ 4 ಸೆಂ.ಮೀ.ಗೆ ಸಮೀಪವಿದ್ದರೆ ಅಥವಾ ಗ್ರಂಥಿಗೆ ಹಬ್ಬಿದ ಗುರುತಿದ್ದರೆ ನೇರವಾಗಿ ಕರೆಂಟು ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಗ ಮನೆಗೆ ಹೋಗಬಹುದೆಂದು ಲ್ಯಾಪ್ರೊಸ್ಕೋಪಿಗೆ (ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್) ಮರುಳಾಗಬೇಡಿ: 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೊಟ್ಟೆ ತೆರೆದು ಆಪರೇಷನ್ ಆದವರಿಗಿಂತ ಹಾಗೆ ತೂತುಗಳ ಮೂಲಕ ಆದವರಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ಹೆಚ್ಚು.

ನಾಲ್ಕನೆಯದು ಖರ್ಚು: ರೇಷನ್ ಕಾರ್ಡ್, ಆಧಾರ್ ಹಿಡಿದು ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ವಿಚಾರಿಸಿ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲಿಯೇ ಇದೆ.

ಕೊನೆಯದು, ಕರೆಂಟು ಹಿಡಿದರೆ ಪೂರ್ತಿ ಮುಗಿಸಬೇಕು. ಸುಮಾರು ಐದು ವಾರ ಹೊರಗಿನಿಂದ, ಆಮೇಲೆ ಗರ್ಭಕಂಠಕ್ಕೇ ಉಪಕರಣ ಇಟ್ಟು ಒಳಗಿನಿಂದ, ಎಲ್ಲವೂ ಎಂಟು ವಾರಗಳೊಳಗೆ. ರಕ್ತ ನಿಂತಿತೆಂದು, ತೊಗರಿ ರಾಶಿ ಬಂತೆಂದು ಒಳಗಿನ ಕರೆಂಟನ್ನು ಬಿಟ್ಟು ಊರಿಗೆ ಹೋದವರನ್ನು ನಾನು ಕಂಡಿದ್ದೇನೆ. ಹೊರಗಿನ ಕರೆಂಟಿನ ಕೊನೆಯ ದಿನ ಬಸ್ ಹತ್ತುವ ಮುನ್ನ ಒಳಗಿನದರ ತಾರೀಖನ್ನು ಫೈಲಿನ ಮೇಲೆ ಬರೆಸಿಕೊಳ್ಳಿ.